ಉಸಿರು ಬಿಡುವ ಹೊತ್ತು

ಮಾಸ್ಟ್ರು ಕಾಳಗ ನೋಡುತ್ತಿರಲಿಲ್ಲ. ಕಿಟಕಿಯ ದಂಡೆಯ ಮೇಲೆ ಫೀ ಪುಸ್ತಕ ಹರಡಿಕೊಂಡು, ಯಾರ ಜೂನ್ ತಿಂಗಳ ಹಣ ಬಾಕಿ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಬೆನ್ನ ಹಿಂದೆ, ಒಂದಕ್ಕೊಂದು ಹಲ್ಲು ಕಚ್ಚಿ ಕೂರುವ ಕೆಂಪು ನೀಲಿ ಮ್ಯಾಟುಗಳ ಮೇಲೆ, ಹದಿನಾರು ಹದಿನೇಳರ ಇಬ್ಬರು ಹುಡುಗರು ಒಬ್ಬರನ್ನೊಬ್ಬರು ಸುತ್ತುತ್ತಿದ್ದರು. ಭಾಂಡೂಪ್ ಪಶ್ಚಿಮದಲ್ಲಿ ಸ್ಟೇಷನ್ ಕಡೆಯಿಂದ ಗುಡ್ಡಕ್ಕೆ ಏರುವ ರಸ್ತೆಯ ಬದಿಯ ಶಾಲೆ ಅದು. ಹಗಲು ಪ್ರಾರ್ಥನೆ ನಡೆಯುವ ಹಾಲಿನಲ್ಲಿ ಸಂಜೆ ಏಳರ ಮೇಲೆ ಕರಾಟೆ. ಬೆಂಚುಗಳು ಗೋಡೆಗೆ ಸರಿದಿವೆ. ಕರಿಹಲಗೆಯ ಮೇಲೆ ಮರಾಠಿ ಸುವಿಚಾರ ಇನ್ನೂ ಅಳಿಸಿಲ್ಲ. ಜುಲೈ ತಿಂಗಳು, ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಿತ್ತು. ಒದ್ದೆ ಚಪ್ಪಲಿ, ಬೆವರು, ಫಿನಾಯಿಲು, ಮೂರೂ ಸೇರಿದ ವಾಸನೆ.

ತಲೆ ಎತ್ತದೆಯೇ ಅವರು ಹೇಳಿದರು: "ಎಂತದಾ ಅದು? ಉಸಿರು ಒಳಗೇ ಇಟ್ಕೊಂಡು ಊರಿಗೆ ತಕೊಂಡು ಹೋಗ್ತಿಯಾ?"

ಕೆಂಪು ಗ್ಲೌಸಿನವನು ಕನ್ನಡದ ಮನೆಯ ಹುಡುಗ, ನಾಚಿಕೊಂಡ. ನೀಲಿಯವನು ಮರಾಠಿ, ಅವನೂ ಹಲ್ಲು ಕಿಸಿದ. ಅದೇ ಬೈಗುಳ ಹಿಂದಿಯಲ್ಲಿ ಅವನಿಗೂ ದಿನಾ ಸಿಗುತ್ತದೆ. "ಸಾಂಸ್ ಛೋಡ್, ರೇ!"

ಬೆನ್ನು ತಿರುಗಿಸಿ ಕೂತವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. "ಕಾಲಿನ ಸದ್ದು ಇತ್ತು, ಗ್ಲೌಸಿನ ಸದ್ದು ಇತ್ತು. ಉಸಿರಿಂದು ಮಾತ್ರ ಇರ್ಲಿಲ್ಲ. ಹತ್ತು ಏಟು ಹೊಡ್ದ, ಒಂದೂ ಉಸಿರು ಬಿಡ್ಲಿಲ್ಲ. ಇನ್ನು ಅರ್ಧ ನಿಮಿಷ ನೋಡಿ."

ನೋಡಿದೆ. ಹುಡುಗನ ಹೆಗಲು ಕಿವಿಯ ಹತ್ತಿರಕ್ಕೆ ಏರಿತ್ತು. ಗಲ್ಲ ಮೇಲೆದ್ದಿತ್ತು, ಹಾಗೆ ಏಳಲೇಬಾರದ ಜಾಗ ಅದು. ಹಲ್ಲುಕಾಪಿನ ಸುತ್ತ ತುಟಿ ಬಿಗಿದು ಕೆನ್ನೆ ಉಬ್ಬಿತ್ತು. ಸ್ವಲ್ಪ ಹೊತ್ತಿನಲ್ಲೇ ಬಾಯಿ ತೆರೆಯಿತು, ಏದುಸಿರು ಶುರುವಾಯಿತು, ಮುಂದಿನ ಕಾಲು ಮ್ಯಾಟಿಗೆ ಅಂಟಿಕೊಂಡಿತು. ನೀಲಿಯವನು ಅವಸರ ಮಾಡದೆ ಒಂದು ಹೆಜ್ಜೆ ಒಳಗೆ ಬಂದು ಹೊಟ್ಟೆಯ ಮೇಲೆ ಅಂಗೈಯಗಲದ ಒಂದು ಗುದ್ದು ಇಟ್ಟ. ಕೆಂಪಿನವನು ಮಂಡಿಗೆ ಕೈ ಊರಿ ನಿಂತ. ಹುಡುಗ ದುರ್ಬಲನಲ್ಲ, ಬೆಳಿಗ್ಗೆ ಫುಟ್‌ಬಾಲ್ ಆಡುತ್ತಾನಂತೆ, ಮುಕ್ಕಾಲು ಗಂಟೆ ಓಡಿದರೂ ದಣಿಯುವುದಿಲ್ಲವಂತೆ. ಇಲ್ಲಿ ಒಂದು ನಿಮಿಷಕ್ಕೆ ಮುಗಿದುಹೋಗಿದ್ದ.

ಹೊಸಬರೆಲ್ಲರೂ ಹೀಗೆಯೇ. ಏಟು ಬರುತ್ತದೆ ಎಂದು ಮೈ ಊಹಿಸಿದ ಕೂಡಲೇ ಗಂಟಲು ಮುಚ್ಚಿಕೊಳ್ಳುತ್ತದೆ, ಹೊಟ್ಟೆ ಕಲ್ಲಾಗುತ್ತದೆ. ಭಾರ ಎತ್ತುವವನಿಗೆ ಈ ಬಿಗಿತ ಒಂದು ಕ್ಷಣಕ್ಕೆ ಉಪಕಾರಿ, ಬೆನ್ನುಮೂಳೆಗೆ ಆಸರೆ ಸಿಗುತ್ತದೆ. ಸ್ಪಾರಿಂಗ್ ಒಂದು ಕ್ಷಣದ ಕೆಲಸವಲ್ಲ. ಉಸಿರು ಕಟ್ಟಿದಾಗ ಎದೆಗೂಡಿನ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಇಂಗಾಲದ ಡೈಆಕ್ಸೈಡ್ ಒಳಗೇ ಸೇರುತ್ತಾ ಹೋಗುತ್ತದೆ. ಉಸಿರಿಗಾಗಿ ಹಪಹಪಿಸುವಂತೆ ಮಾಡುವುದು ಆಮ್ಲಜನಕದ ಕೊರತೆಗಿಂತ ಮೊದಲು ಅದೇ. ಆಮೇಲೆ ಶುರುವಾಗುವ ತೇಕು ಇನ್ನೂ ದೊಡ್ಡ ಮೋಸ. ಸುಮ್ಮನೆ ಕೂತ ಮನುಷ್ಯ ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿ ಎಳೆಯುತ್ತಾನೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಗಂಟಲು, ಶ್ವಾಸನಾಳಗಳಲ್ಲೇ ಉಳಿದು, ಶ್ವಾಸಕೋಶದ ಒಳಮನೆ ಮುಟ್ಟದೆ ಹಿಂದಿರುಗುತ್ತದೆ. ಬೆದರಿದವನ ಚಿಕ್ಕ ಚಿಕ್ಕ ಉಸಿರು 300ಕ್ಕೆ ಇಳಿದರೆ ಅರ್ಧ ಗಾಳಿ ದಾರಿಖರ್ಚಿಗೇ ಹೋಯಿತು. ಎಷ್ಟು ತೇಕಿದರೂ ಸಾಲದು ಎನಿಸುವುದು ಅದಕ್ಕೆ. ಒಳಗೆ ಹಳೆಯ ಗಾಳಿ ತುಂಬಿಕೊಂಡಿದೆ, ಹೊಸದಕ್ಕೆ ಜಾಗವಿಲ್ಲ.

ಇದರ ಮೇಲೆ ಮುಂಬೈಯ ಹವೆ. ಮಳೆಗಾಲದಲ್ಲಿ ಬೆವರು ಆರುವುದೇ ಇಲ್ಲ, ಸುರಿಯುತ್ತದೆ ಅಷ್ಟೆ. ದಪ್ಪ ಹತ್ತಿಯ ಅಂಗಿ ನೆನೆದು ಭಾರವಾಗಿ ಬೆನ್ನಿಗೆ ಅಂಟುತ್ತದೆ. ಹಾಲಿನ ಎರಡು ಫ್ಯಾನುಗಳಲ್ಲಿ ಒಂದು ತಿರುಗುತ್ತದೆ. ಸಂಜೆಯ ಗರ್ದಿಯಲ್ಲಿ ಠಾಣೆ ಲೋಕಲ್ಲಿನಿಂದ ಇಳಿದು ನೇರ ಇಲ್ಲಿಗೆ ಬರುವ ದೊಡ್ಡವರೂ ನಾಲ್ಕಾರು ಜನ ಇದ್ದಾರೆ. ಅವರು ಮೊದಲು ಗೋಡೆಗೆ ಒರಗಿ ಐದು ನಿಮಿಷ ಸುಮ್ಮನೆ ಕೂರಬೇಕು, ಇದು ಮಾಸ್ಟ್ರ ಕಾಯಿದೆ.

ಮಾಸ್ಟ್ರು ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗ ಬಂದು ಹೋಟೆಲಿನಲ್ಲಿ ಟೇಬಲ್ ಒರೆಸಿ, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಬ್ರೂಸ್ ಲೀ ಸಿನಿಮಾದ ಹುಚ್ಚು ಹತ್ತಿ ಕರಾಟೆ ಕಲಿತವರು. ಆ ತಲೆಮಾರಿನ ಹೋಟೆಲ್ ಹುಡುಗರ ಕಥೆ ಮುಂಬೈ ಕನ್ನಡಿಗರಿಗೆ ಹೊಸದೇನಲ್ಲ, ಬೆಳೆಸುವುದಿಲ್ಲ. ಆದರೆ ಆ ಅಡುಗೆಮನೆಯ ಒಂದು ಸದ್ದನ್ನು ಅವರು ಇಲ್ಲಿಯವರೆಗೆ ತಂದಿದ್ದಾರೆ. ಗುದ್ದುವಾಗ ಉಸಿರು ಹೇಗೆ ಬಿಡಬೇಕು ಎಂದರೆ, ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಕೇಳಬೇಕು: ಸ್ಸ್. ಅಷ್ಟೆ, ಒಂದು ಚಿಟಿಕೆ. ಬಾಕ್ಸಿಂಗ್ ರಿಂಗಿನ ಹತ್ತಿರ ನಿಂತವರಿಗೆ ಈ ಸದ್ದು ಪರಿಚಿತ. ಹಲ್ಲಿನ ಸಂದಿಯಿಂದ ಸ್ವಲ್ಪವೇ ಗಾಳಿ ಹೊರಬೀಳುತ್ತದೆ. ಆ ಕ್ಷಣಕ್ಕೆ ಹೊಟ್ಟೆಯ ಸ್ನಾಯು ತಾನಾಗಿಯೇ ಬಿಗಿಯುತ್ತದೆ, ಸೊಂಟದ ಬಲ ಕೈಗೆ ದಾಟುತ್ತದೆ, ಎದುರಿನವನು ಅದೇ ಹೊತ್ತಿಗೆ ಹೊಡೆದರೂ ಪೆಟ್ಟು ಒಳಗಿಳಿಯುವುದಿಲ್ಲ. ಮೂರು ಏಟಿನ ಸರಣಿಯಾದರೆ ಒಂದೇ ಉಸಿರನ್ನು ಮೂರು ತುಂಡು ಮಾಡಿ ಬಿಡಬೇಕು. ಪೂರ್ತಿ ಖಾಲಿ ಮಾಡಬಾರದು, ಮಾಡಿದರೆ ಮುಂದಿನ ಕ್ಷಣ ಎಳೆದುಕೊಳ್ಳಲೇಬೇಕಾಗುತ್ತದೆ, ಆಗ ಸಿಕ್ಕಿಬೀಳುತ್ತೀರಿ. ಎಳೆದುಕೊಳ್ಳುವುದನ್ನು ಅವರು ಕಲಿಸುವುದೇ ಇಲ್ಲ. "ಬಿಟ್ರೆ ಅದು ತಾನೇ ಬರ್ತದೆ. ಹುಟ್ಟಿದ ಮಗು ಕೂಡ ಕ್ಲಾಸಿಗೆ ಹೋಗ್ಲಿಲ್ಲ."

ಕರಾಟೆಯಲ್ಲಿ ಉಸಿರಿಗಾಗಿಯೇ ಒಂದು ಅಭ್ಯಾಸ ಇದೆ, ಸಾಂಚಿನ್ ಎಂಬ ಕಾತಾ. ಒಕಿನಾವಾದ ಹಿಗಾವೊನ್ನಾ ಕಾನ್ರ್ಯೊ ಚೀನಾದ ಫುಜೌದಲ್ಲಿ ಕಲಿತು ತಂದ ವಿದ್ಯೆಯನ್ನು ಶಿಷ್ಯ ಮಿಯಾಗಿ ಚೋಜುನ್ ತಿದ್ದಿ ತೀಡಿ ಗೋಜು-ರ್ಯು ಪಂಥ ಕಟ್ಟಿದರು. ಅದರ ಬುನಾದಿ ಸಾಂಚಿನ್. ಕಾಲ್ಬೆರಳು ಒಳಮುಖ ಮಾಡಿ, ತೊಡೆ ಬಿಗಿದು, ಮೂರೇ ಹೆಜ್ಜೆಯ ಜಾಗದಲ್ಲಿ ನಿಧಾನವಾಗಿ ಗುದ್ದುತ್ತಾ, ಗಂಟಲಿನ ಆಳದಿಂದ ಗೊರಗೊರ ಸದ್ದಿನೊಡನೆ ಉಸಿರು ಹೊರದೂಡುತ್ತಾರೆ. ಗುರು ಹಿಂದೆ ನಿಂತು ಹೆಗಲಿಗೆ, ಪಕ್ಕೆಗೆ, ತೊಡೆಗೆ ಅಂಗೈಯಿಂದ ಬಾರಿಸಿ ಬಿಗಿ ಸಡಿಲಿದೆಯೇ ಎಂದು ಪರೀಕ್ಷಿಸುತ್ತಾನೆ. ವಾರ್ಷಿಕೋತ್ಸವದಲ್ಲಿ ಇದನ್ನು ನೋಡಿ ತಾಯಂದಿರು ಮೊಬೈಲ್ ಎತ್ತುತ್ತಾರೆ. ಸಾಂಚಿನ್ ಒಳ್ಳೆಯ ಪಾಠ, ಆದರೆ ಅದೇ ಉಸಿರನ್ನು ಸ್ಪಾರಿಂಗಿಗೆ ಹೊತ್ತು ತಂದವನು ಉಳಿಯುವುದಿಲ್ಲ. ಅಷ್ಟು ಬಿಗಿದ ಮೈ ಓಡಲಾರದು, ಅಷ್ಟು ಜೋರಿನ ಉಸಿರು ಎದುರಾಳಿಗೆ ಮೊದಲೇ ಸುದ್ದಿ ಮುಟ್ಟಿಸುತ್ತದೆ. ಹೊಟ್ಟೆಯಿಂದ ಉಸಿರಾಡುವುದು ಹೇಗೆಂದು ಮೈಗೆ ತಿಳಿಸಿಕೊಟ್ಟು ಸಾಂಚಿನ್ ಪಕ್ಕಕ್ಕೆ ಸರಿಯಬೇಕು. ಮಾಸ್ಟ್ರು ಇದನ್ನು ಒಪ್ಪಿದರು, ಆದರೆ ಹಳೆಯ ಸೆನ್ಸೈಗಳ ಮುಂದೆ ಹೇಳಬೇಡಿ ಎಂದರು.

ಆ ಸಂಜೆಯ ನಿಜವಾದ ಪಾಠ ಕೊನೆಯ ಜೋಡಿಯದು. ಹತ್ತನೇ ಕ್ಲಾಸಿನ ಒಬ್ಬಳು ಹುಡುಗಿ, ಗಿಡ್ಡ, ಎರಡು ಜಡೆ ಮಡಿಚಿ ಕಟ್ಟಿದವಳು. ಎದುರಿಗೆ ಅವಳಿಗಿಂತ ಒಂದೂವರೆ ಗೇಣು ಎತ್ತರದ ಕಾಲೇಜು ಹುಡುಗ. ಅವನ ಕಾಲು ಅವಳ ಕೈಗಿಂತ ಉದ್ದ, ದೂರದಲ್ಲಿದ್ದರೆ ಅವಳಿಗೆ ಸೋಲು ಖಂಡಿತ. ಅವಳು ಅವನ ಕೈ ನೋಡುತ್ತಿರಲಿಲ್ಲ, ಮುಖವನ್ನೂ ನೋಡುತ್ತಿರಲಿಲ್ಲ. ಕಣ್ಣು ಅವನ ಕೊರಳೆಲುಬಿನ ಮೇಲೆ ನಿಂತಿತ್ತು. ಹುಡುಗ ಎರಡು ಸಲ ಕಾಲೆತ್ತಿದ, ಎರಡು ಸಲವೂ ಅವಳು ಹಿಂದೆ ಸರಿದಳು. ಮೂರನೆಯದಕ್ಕೆ ಮೊದಲು ಅವನ ಎದೆ ಉಬ್ಬಿತು, ಅಂಗಿಯ ಕಾಲರ್ ಒಂದು ಬೆರಳಿನಷ್ಟು ಮೇಲೆದ್ದಿತು. ಆ ಉಬ್ಬು ಮುಗಿಯುವ ಮೊದಲೇ ಅವಳು ಒಳಗಿದ್ದಳು. ಸ್ಸ್. ಗುದ್ದು ಪಕ್ಕೆಯ ಕೆಳಗೆ, ಸರಿಯಾಗಿ ಉಸಿರು ಎಳೆದುಕೊಂಡ ಹೊಟ್ಟೆಯ ಮೇಲೆ. ಅವಳು ಜೋರಾಗಿ ಹೊಡೆಯಲೇ ಇಲ್ಲ, ತಾಗಿಸಿದಳು. ಅವನು "ಹಕ್" ಎಂದು ಕೂತುಬಿಟ್ಟ.

ಉಸಿರು ಎಳೆಯುವಾಗ ಹೊಟ್ಟೆ ಮೆತ್ತಗಿರುತ್ತದೆ, ಎದೆ ಹೊಟ್ಟೆಗಳ ನಡುವಿನ ವಪೆ ಕೆಳಗಿಳಿಯುತ್ತಿರುತ್ತದೆ. ಎದೆಗುಳಿಯ ಕೆಳಗೆ ಆಗ ಬಿದ್ದ ಪೆಟ್ಟು ವಪೆಯನ್ನೇ ಸೆಟೆಸಿಬಿಡುತ್ತದೆ. ಕೆಲವು ಕ್ಷಣ ಗಾಳಿ ಒಳಗೂ ಹೋಗದು, ಹೊರಗೂ ಬಾರದು. ಅದಕ್ಕಿಂತ ದೊಡ್ಡ ಮಾತು, ಎಳೆಯುತ್ತಿರುವವನು ಅದೇ ಚಿಟಿಕೆಯಲ್ಲಿ ಜೋರಾಗಿ ಹೊಡೆಯಲಾರ. ಉಸಿರಿನ ತುದಿಯಲ್ಲಿ ಸಿಕ್ಕಿಕೊಂಡಿರುತ್ತಾನೆ. ಕಣ್ಣಿಗೆ ಕಂಡದ್ದಕ್ಕೆ ಮನುಷ್ಯನ ಮೈ ಪ್ರತಿಕ್ರಿಯೆ ಶುರುಮಾಡಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಬೇಕು. ಒಳ್ಳೆಯ ಗುದ್ದು ಅಷ್ಟರಲ್ಲಿ ಬಂದು ಮುಟ್ಟಿರುತ್ತದೆ. ಹಾಗಾಗಿ ಗುದ್ದು ನೋಡಿ ತಪ್ಪಿಸಿಕೊಳ್ಳುತ್ತೇನೆ ಎನ್ನುವವನು ಯಾವಾಗಲೂ ತಡವೇ. ಗುದ್ದಿಗಿಂತ ಮೊದಲು ಬರುವುದೇನನ್ನೋ ಓದಬೇಕು: ಹೆಗಲು, ಸೊಂಟ, ಹಿಮ್ಮಡಿ, ಎಲ್ಲಕ್ಕಿಂತ ಮೊದಲು ಉಸಿರು. ಕಣ್ಣಿಗಿಂತ ಕಿವಿ ಸ್ವಲ್ಪ ಚುರುಕು ಎಂಬುದೂ ಪ್ರಯೋಗಶಾಲೆಯಲ್ಲಿ ಅಳೆದು ನೋಡಿದ ಸಂಗತಿಯೇ. ಫೀ ಪುಸ್ತಕಕ್ಕೆ ಕಣ್ಣು, ಕಾಳಗಕ್ಕೆ ಕಿವಿ ಕೊಟ್ಟ ಮಾಸ್ಟ್ರ ಲೆಕ್ಕ ಸರಿಯಿತ್ತು.

ಜಪಾನಿಗಳು ಈ ಹೊತ್ತಿನಲ್ಲಿ ಮೂರು ಬಗೆ ಗುರುತಿಸುತ್ತಾರೆ. ಎದುರಾಳಿಯ ಏಟು ಬಂದ ಮೇಲೆ ತಡೆದು ಹೊಡೆಯುವುದು ಗೋ ನೋ ಸೆನ್. ಅವನು ಹೊರಟ ಕ್ಷಣದಲ್ಲೇ ಹೊಡೆಯುವುದು ಸೆನ್ ನೋ ಸೆನ್. ಹೊರಡಬೇಕೆಂದು ಮನಸ್ಸು ಮಾಡಿದ, ಇನ್ನೂ ಹೊರಡದ ಹೊತ್ತಿಗೆ ಮುಗಿಸುವುದು ಸೆನ್ ಸೆನ್ ನೋ ಸೆನ್. ಕೊನೆಯದನ್ನು ಪುಸ್ತಕಗಳು ಅತೀಂದ್ರಿಯ ಶಕ್ತಿ ಎಂಬಂತೆ ಬಣ್ಣಿಸುತ್ತವೆ. ಭಾಂಡೂಪಿನಲ್ಲಿ ನಾನು ಕಂಡದ್ದು ಒಂದು ಬೆರಳಿನಷ್ಟು ಮೇಲೆದ್ದ ಕಾಲರ್. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ಜಟ್ಟಿಗಳು ಆಡುವ ವಜ್ರಮುಷ್ಟಿಯಲ್ಲಂತೂ ಉಸಿರು ಉಳಿಸಿಕೊಳ್ಳುವ ಮಾತೇ ಇಲ್ಲ. ಬೋಳಿಸಿದ ತಲೆಯಲ್ಲಿ ರಕ್ತ ಚಿಮ್ಮಿದರೆ ಮುಗಿಯಿತು, ಕೆಲವು ಸೆಕೆಂಡುಗಳ ಕೆಲಸ, ಅಲ್ಲಿ ಹೊತ್ತೊಂದೇ ವಿದ್ಯೆ.

ಕುಸ್ತಿ ಹಾಗಲ್ಲ. ಇವತ್ತಿನ ಪಂದ್ಯ ಮೂರು ಮೂರು ನಿಮಿಷದ ಎರಡು ಅವಧಿ, ನಡುವೆ ಮೂವತ್ತು ಸೆಕೆಂಡು. ಲೋವರ್ ಪರೇಲ್, ಲಾಲ್‌ಬಾಗ್, ಚಿಂಚಪೋಕಳಿ ಕಡೆ ಗಿರಣಿಗಳ ಸೈರನ್ನು ಕೂಗುತ್ತಿದ್ದ ಕಾಲದಲ್ಲಿ ಕೊಲ್ಲಾಪುರ, ಸಾಂಗಲಿ, ಸಾತಾರಾದಿಂದ ಬಂದ ಕಾರ್ಮಿಕರು ಪಾಳಿ ಮುಗಿಸಿ ತಾಲೀಮಿಗೆ ಇಳಿಯುತ್ತಿದ್ದರು. ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಿದ ಕೆಂಪು ಮಣ್ಣು. ಹತ್ತಿಯ ಧೂಳು ಕುಡಿದ ಎದೆಗಳು ಆ ಮಣ್ಣಿನ ಮೇಲೆ ನೂರಾರು ಬಸ್ಕಿ, ದಂಡ ಹೊಡೆಯುತ್ತಿದ್ದವು: ಕೆಳಗಿಳಿಯುವಾಗ ಎಳೆ, ಏಳುವಾಗ ಬಿಡು. ಲೆಕ್ಕ ಹಾಕುತ್ತಿದ್ದವನು ಉಸ್ತಾದ, ಲೆಕ್ಕ ತಪ್ಪದಂತೆ ನೋಡಿಕೊಳ್ಳುತ್ತಿದ್ದದ್ದು ಉಸಿರು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದೇ ಮುಚ್ಚಿದವು, ಮಣ್ಣಿನ ಜಾಗಕ್ಕೆ ಎಷ್ಟೋ ಕಡೆ ಮ್ಯಾಟು ಬಂತು.

ನಗರದ ಕುಸ್ತಿ ಉಪನಗರಗಳ ಹಾಲಿನವರ ಮಕ್ಕಳ ಕೈಗೂ ಬಂತು. ಜೋಗೇಶ್ವರಿಯಲ್ಲಿ ಬೆಳೆದ ನರಸಿಂಗ್ ಯಾದವ್, ಹಾಲು ಹಾಕುವವರ ಮಗ, ಕಾಂದಿವಲಿಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಜಗಮಾಲ್ ಸಿಂಗ್ ಅವರ ಕೈಯಲ್ಲಿ ಪಳಗಿ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 74 ಕಿಲೋ ವಿಭಾಗದ ಚಿನ್ನ ಗೆದ್ದರು, 2015ರಲ್ಲಿ ಲಾಸ್ ವೇಗಸ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು. ಆ ಕಂಚಿನ ಪಂದ್ಯದಲ್ಲಿ ಅಂಕಗಳಲ್ಲಿ ಬಹಳ ಹಿಂದೆ ಬಿದ್ದಿದ್ದವರು ಫ್ರಾನ್ಸಿನ ಎದುರಾಳಿಯನ್ನು ಚಿತ್ ಮಾಡಿ ಎದ್ದರು. ಅಂಥ ಹೊತ್ತಿಗೆ ಪಟ್ಟು ಎಲ್ಲರಿಗೂ ಗೊತ್ತಿರುತ್ತದೆ, ಉಳಿದ ದಮ್ಮು ಎಷ್ಟು ಎಂಬುದೇ ಪ್ರಶ್ನೆ. ಕುಸ್ತಿಯಲ್ಲಿ ಉಸಿರನ್ನು ನೋಡುವುದೂ ಬೇಡ, ಕೇಳುವುದೂ ಬೇಡ. ಎದೆಗೆ ಎದೆ, ಎದೆಗೆ ಬೆನ್ನು ಒತ್ತಿಕೊಂಡಿರುತ್ತದೆ. ಮೇಲಿದ್ದವನು ತನ್ನ ಭಾರವನ್ನೆಲ್ಲ ಕೆಳಗಿನವನ ಪಕ್ಕೆಯ ಮೇಲೆ ಬಿಟ್ಟು ಕಾಯುತ್ತಾನೆ. ಕೆಳಗಿನವನ ಉಸಿರು ಹೊರಬಿದ್ದಾಗ ಪಕ್ಕೆ ಒಂದಿಷ್ಟು ಕುಗ್ಗುತ್ತದೆ, ಮೇಲಿನವನ ಕೈ ಅಷ್ಟೇ ಬಿಗಿಯುತ್ತದೆ. ಮತ್ತೆ ಎಳೆಯಹೋದರೆ ಜಾಗವಿಲ್ಲ. ಇದಕ್ಕೆ ಕುಸ್ತಿಯವರ ಉಪಾಯ, ಹೊಟ್ಟೆಯ ಕೆಳಭಾಗದಲ್ಲೇ ಪುಟ್ಟ ಪುಟ್ಟ ಉಸಿರಾಡುತ್ತಾ ಮೇಲಿನವನು ಬೇಸತ್ತು ಕೈ ಬದಲಿಸುವ ತನಕ ಸುಮ್ಮನಿರುವುದು. ಗಾಬರಿಯಾದವನು ಸೋತ.

ಉಸಿರಿನ ಮಾತು ಬಂದರೆ ಯೋಗ ಬಿಟ್ಟು ಹೋಗುವ ಹಾಗಿಲ್ಲ, ಅದರಲ್ಲೂ ಮುಂಬೈಯಲ್ಲಿ. 1918ರಲ್ಲಿ ವರ್ಸೋವಾದಲ್ಲಿ ಯೋಗ ಸಂಸ್ಥೆ ಶುರುಮಾಡಿದ ಶ್ರೀ ಯೋಗೇಂದ್ರರು ಹುಡುಗತನದಲ್ಲಿ ಕುಸ್ತಿಯ ಗೀಳಿನವರು. ಸಂಸ್ಥೆ ಈಗ ಸಾಂತಾಕ್ರೂಜ್‌ನಲ್ಲಿದೆ. ಲೋಣಾವಳದಲ್ಲಿ 1924ರಲ್ಲಿ ಕೈವಲ್ಯಧಾಮ ಕಟ್ಟಿ, ಮುಂದೆ ಮರೀನ್ ಡ್ರೈವ್‌ನಲ್ಲೂ ಅದರ ಕೇಂದ್ರ ತೆರೆದ ಸ್ವಾಮಿ ಕುವಲಯಾನಂದರು ಬರೋಡಾದ ಮಾಣಿಕರಾವ್ ಅವರ ಅಖಾಡಾದಲ್ಲಿ ದೇಹವಿದ್ಯೆ ಕಲಿತವರು. ಉಡ್ಡೀಯಾನ, ನೌಲಿ ಎಂಬ ಹೊಟ್ಟೆಯ ಕ್ರಿಯೆಗಳನ್ನು ಮಾಡುವಾಗ ಹೊಟ್ಟೆಯೊಳಗಿನ ಒತ್ತಡ ಎಷ್ಟು ಇಳಿಯುತ್ತದೆ ಎಂದು ಎಕ್ಸ್‌ರೇ, ಒತ್ತಡಮಾಪಕ ಇಟ್ಟು ಅಳೆದರು. ದಶಕಗಳ ನಂತರ ಬ್ರೆಜಿಲ್‌ನ ಜುಜುತ್ಸು ಪಟು ರಿಕ್ಸನ್ ಗ್ರೇಸಿ 'ಚೋಕ್' ಎಂಬ ಸಾಕ್ಷ್ಯಚಿತ್ರದಲ್ಲಿ ಹೊಟ್ಟೆಯನ್ನು ಬೆನ್ನಿಗೆ ಅಂಟುವಂತೆ ಒಳಗೆಳೆದು ಕಡೆಯುವುದನ್ನು ಜಗತ್ತು ಬೆರಗಾಗಿ ನೋಡಿತು. ನಮ್ಮವರಿಗೆ ಅದು ನೌಲಿಯ ಹತ್ತಿರದ ನೆಂಟನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಹಾಗೆಂದು ಬೆಳಿಗ್ಗೆ ಅರ್ಧ ಗಂಟೆ ಪ್ರಾಣಾಯಾಮ ಮಾಡಿದವನು ಸಂಜೆ ಸ್ಪಾರಿಂಗಿನಲ್ಲಿ ಉಸಿರು ಕಟ್ಟುವುದಿಲ್ಲ ಎಂದುಕೊಂಡರೆ ಅದು ಭ್ರಮೆ. ಚಾಪೆಯ ಮೇಲೆ ಯಾರೂ ಮುಖಕ್ಕೆ ಗುದ್ದಲು ಬರುವುದಿಲ್ಲ. ಪ್ರಾಣಾಯಾಮ ಕೆಲಸಕ್ಕೆ ಬರುವುದು ಸುತ್ತುಗಳ ನಡುವಿನ ಬಿಡುವಿನಲ್ಲಿ. ಬಾಕ್ಸಿಂಗಿನಲ್ಲಿ ಮೂರು ನಿಮಿಷಕ್ಕೊಮ್ಮೆ ಸಿಗುವುದು ಒಂದು ನಿಮಿಷ. ಅಲ್ಲಿ ಸ್ಟೂಲಿನ ಮೇಲೆ ಕೂತು, ಮೂಗಿನಿಂದ ಎಳೆದು, ಅದರ ಎರಡರಷ್ಟು ಹೊತ್ತು ಬಾಯಿಯಿಂದ ಬಿಡುವವನ ಎದೆಬಡಿತ ಬೇಗ ಇಳಿಯುತ್ತದೆ. ನೀರು ಬೇಕು, ಗಾಳಿ ಬೀಸು ಎಂದು ಚಡಪಡಿಸುವವನದು ಇಳಿಯುವುದಿಲ್ಲ.

ಉಸಿರಿನ ಮಾತು ಬಿಟ್ಟು ಬರೀ ಗಾತ್ರದಿಂದ ಏನಾಗುತ್ತದೆ ಎಂಬ ಕುತೂಹಲಕ್ಕೂ ಮುಂಬೈ ಒಂದು ಸಂಜೆ ವೇದಿಕೆ ಹಾಕಿತ್ತು. 2012ರ ಮಾರ್ಚ್‌ನಲ್ಲಿ ಅಂಧೇರಿ ಕ್ರೀಡಾ ಸಂಕೀರ್ಣದಲ್ಲಿ ಮಿಶ್ರ ಯುದ್ಧಕಲೆಯ ಸೂಪರ್ ಫೈಟ್ ಲೀಗ್‌ನ ಮೊದಲ ಪಂದ್ಯಾವಳಿ. ರಾಜ್ ಕುಂದ್ರಾ, ಸಂಜಯ್ ದತ್ ಹೂಡಿದ ಆಟ. ಬಾಬ್ ಸ್ಯಾಪ್, ಜೇಮ್ಸ್ ಥಾಂಪ್ಸನ್ ಎಂಬ ಇಬ್ಬರು ದೈತ್ಯರ ಕಾಳಗ ಮೊದಲ ಸುತ್ತಿನಲ್ಲೇ, ಸ್ಯಾಪ್ ಕಾಲು ನೋವೆಂದು ಬಿಟ್ಟುಕೊಟ್ಟು, ಮುಗಿದುಹೋಯಿತು. ದುಡ್ಡು ಕೊಟ್ಟು ಬಂದವರು ಸಿನಿಮಾ ತಾರೆಯರನ್ನು ನೋಡಿಕೊಂಡು ಮನೆಗೆ ಹೋದರು.

ಕಬಡ್ಡಿಯನ್ನು ಯಾರೂ ಯುದ್ಧಕಲೆ ಎನ್ನುವುದಿಲ್ಲ, ಆದರೆ ಮುಂಬೈಯ ಚಾಳಿನ ಅಂಗಳಗಳು ಉಸಿರಿನ ಪಾಠವನ್ನು ಮೊದಲು ಹೇಳಿಕೊಟ್ಟದ್ದು ಅದರಲ್ಲೇ. ರೈಡರ್‌ಗೆ ಮೂವತ್ತು ಸೆಕೆಂಡು. ಅಷ್ಟೂ ಹೊತ್ತು ಒಂದೇ ಉಸಿರಿನಲ್ಲಿ, ಅಂಪೈರಿಗೆ ಕೇಳುವಂತೆ, ಆಟದ ಹೆಸರು ಜಪಿಸುತ್ತಿರಬೇಕು. ಅಲ್ಲಿ ಉಸಿರು ಬಿಡುವುದನ್ನು ಸಾರಿ ಹೇಳಬೇಕು, ಸ್ಪಾರಿಂಗಿನಲ್ಲಿ ಮುಚ್ಚಿಡಬೇಕು.

ಆ ತಿಂಗಳ ಕೊನೆಯ ಭಾನುವಾರ ಠಾಣೆಯಲ್ಲಿ ಕ್ಲಬ್ಬುಗಳ ನಡುವೆ ಸ್ಪರ್ಧೆ ಇತ್ತು. ಎರಡು ಜಡೆಯ ಹುಡುಗಿಯೂ ಇದ್ದಳು. ಎಂಟು ಮೀಟರಿನ ಚೌಕ, ಮೂಲೆಗಳಲ್ಲಿ ಕೆಂಪು ನೀಲಿ ಬಾವುಟ ಹಿಡಿದ ನಾಲ್ವರು, ನಡುವೆ ರೆಫ್ರಿ. ಅವಳ ವಯಸ್ಸಿನವರಿಗೆ ಎರಡು ನಿಮಿಷ. ಗುದ್ದಿಗೆ ಒಂದು ಅಂಕ, ಹೊಟ್ಟೆಯ ಮಟ್ಟದ ಒದೆಗೆ ಎರಡು, ತಲೆಗೆ ಒದ್ದರೆ ಮೂರು. ತಲೆಗೆ ಎಂದರೂ ತಾಗಿಸಬೇಕಷ್ಟೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕರಾಟೆಯ ಭಾರಿ ತೂಕದ ಫೈನಲ್ ಅದೇ ಕಾರಣಕ್ಕೆ ನೆನಪಿನಲ್ಲಿದೆ: ಸೌದಿಯ ತಾರೆಗ್ ಹಮೇದಿಯ ಒದೆಗೆ ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದರು, ಹತೋಟಿ ಮೀರಿತೆಂದು ಹಮೇದಿ ಅನರ್ಹರಾದರು, ಸ್ಟ್ರೆಚರಿನಲ್ಲಿ ಹೋದವರಿಗೆ ಚಿನ್ನ ಬಂತು. ಅಂಕ ಕೊಡಲು ನೋಡುವ ಆರು ಗುಣಗಳಲ್ಲಿ ಸರಿಯಾದ ಹೊತ್ತು ಒಂದು, ಹೊಡೆದ ಮೇಲೂ ತಪ್ಪದ ಎಚ್ಚರ ಇನ್ನೊಂದು.

ಅವಳ ಪಂದ್ಯ ಒಂದಕ್ಕೊಂದು ಅಂಕದ ಸಮ. ಮೊದಲ ಅಂಕ ಎದುರಾಳಿಯದು, ಹಾಗೇ ಮುಗಿದರೆ ಎದುರಾಳಿಗೇ ಗೆಲುವು. ಹದಿನೈದು ಸೆಕೆಂಡು ಉಳಿದಿದೆ ಎಂದು ರೆಫ್ರಿ "ಆತೊಶಿ ಬರಾಕು" ಕೂಗಿದರು. ಎರಡೂ ಕಡೆ ಅಪ್ಪ ಅಮ್ಮಂದಿರು ಎದ್ದು ನಿಂತರು, ಕೋಚುಗಳು ಕುರ್ಚಿಯಲ್ಲೇ ಕುಣಿದರು. ಮಾಸ್ಟ್ರು ಮಾತ್ರ ತಲೆ ಬಗ್ಗಿಸಿ ಕೂತಿದ್ದರು, ಆ ಗದ್ದಲದಲ್ಲಿ ಕಿವಿಗೆ ಏನು ಸಿಗುತ್ತಿತ್ತೋ. ಹುಡುಗಿ ಅವಸರಪಡಲಿಲ್ಲ. ಎದುರಾಳಿಯ ಹೆಗಲು ಒಂದಿಷ್ಟು ಏರಿತು, ಇವಳು ಒಳಗೆ ಹೋಗಿ ಗುದ್ದಿದಳು. ತಾಗಿತು, ಕಣ್ಣಾರೆ ಕಂಡೆ. ಆದರೆ ಗುದ್ದಿದ ಕೈ ಅಲ್ಲೇ ಉಳಿಯಿತು, ತಲೆ ಆಗಲೇ ಗೆದ್ದ ಖುಷಿಯಲ್ಲಿ ರೆಫ್ರಿಯ ಕಡೆ ತಿರುಗಿತ್ತು. ಅವಳ ನೀಲಿ ಬಾವುಟ ಒಂದೇ ಎದ್ದಿತು, ಅಂಕಕ್ಕೆ ಎರಡು ಬೇಕಿತ್ತು.

ಹಲ್ಲುಕಾಪು ಕೈಗೆ ಉಗುಳಿಕೊಂಡು ಬಂದವಳು ಅಳುತ್ತಿರಲಿಲ್ಲ, ಸಿಟ್ಟಾಗಿದ್ದಳು. "ಸರ್, ಅವಳು ಉಸಿರು ಎಳ್ಕೊಂಡದ್ದು ನಂಗೆ ಕೇಳ್ತು. ಸತ್ಯ ಸರ್."

"ನಂಗೂ ಕೇಳ್ತು," ಎಂದರು ಮಾಸ್ಟ್ರು. "ಹೋದದ್ದು ಸರಿ ಇತ್ತು, ವಾಪಸ್ ಬರ್ಲಿಲ್ಲ ನೀನು. ಆ ಗ್ಲೌಸ್ ಚಿಕ್ಕವನಿಗೆ ಕೊಡು, ಅವನ ನಂಬರ್ ಕರೀತಿದ್ದಾರೆ."